ಆರನೇ ಜಾಗಟೆ

ಗುರುಬಸವ್ವ ಅಮೆರಿಕಕ್ಕೆ ಬರುವಾಗ ಎರಡು ಸೂಟ್‌ಕೇಸು ತಂದಿದ್ದಳು. ಒಂದರಲ್ಲಿ ಸೀರೆಗಳು, ವಿಭೂತಿ ಗಟ್ಟಿ, ಮೊಮ್ಮಗಳಿಗೆಂದು ಹೊಲಿಸಿದ ಗುಳೇದಗುಡ್ಡದ ಖಣದ ಲಂಗ. ಇನ್ನೊಂದರ ತುಂಬ ಜೋಳದ ಹಿಟ್ಟು, ಬರೀ ಜೋಳದ ಹಿಟ್ಟು. ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸಿನವನು ಆ ಚೀಲಗಳನ್ನು ನೋಡಿ ಹುಬ್ಬು ಗಂಟಿಕ್ಕಿದ. ಭಾಷೆ ಬಾರದ ಮುದುಕಿ ಏನು ಮಾಡಬೇಕು? ಒಂದು ಚಿಟಿಕೆ ಹಿಟ್ಟು ತೆಗೆದು ತನ್ನ ಬಾಯಿಗೆ ಹಾಕಿಕೊಂಡಳು, ಇನ್ನೊಂದು ಚಿಟಿಕೆ ಅವನ ಬಾಯಿಯ ಹತ್ತಿರ ಹಿಡಿದಳು. ಅವನು ಎರಡು ಹೆಜ್ಜೆ ಹಿಂದೆ ಸರಿದು, ಹೋಗು ತಾಯಿ ಅಂತ ಕೈಮಾಡಿದ.

ಅದು ೧೯೮೬ರ ಆಗಸ್ಟ್ ತಿಂಗಳು. ಮಗ ಕುಬೇರಪ್ಪ ರೆಡ್‌ವುಡ್ ಸಿಟಿಯ ಒಂದು ಕಂಪನಿಯಲ್ಲಿ ಇಂಜಿನಿಯರು. ಸೊಸೆ ಶೈಲಜಾ ಬೆಂಗಳೂರಿನವಳು, ಆಸ್ಪತ್ರೆಯಲ್ಲಿ ನರ್ಸು. ಮೊಮ್ಮಗಳು ಇಂದು, ಹದಿಮೂರು ವರ್ಷದವಳು. ಕನ್ನಡವೆಲ್ಲ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಬರುತ್ತಿತ್ತು. ಸ್ಯಾನ್ ಮಟಿಯೋದಲ್ಲಿ ಅವರದು ಮೇಲಂತಸ್ತಿನ ಅಪಾರ್ಟ್‌ಮೆಂಟು. ಹಿಟ್ಟು ಮುಗ್ಗಬಾರದು, ಹುಳ ಬೀಳಬಾರದು ಅಂತ ಗುರುಬಸವ್ವ ಬಂದ ದಿನವೇ ಫ್ರೀಜರಿನಲ್ಲಿದ್ದುದನ್ನೆಲ್ಲ ಹೊರಗೆ ತೆಗೆದು ತನ್ನ ಚೀಲಗಳನ್ನು ಜೋಡಿಸಿದಳು.

"ಆಯಿ! ವೇರ್ ಡು ಐ ಪುಟ್ ಮೈ ಐಸ್‌ಕ್ರೀಮ್?" ಇಂದು ಕೂಗಿದಳು.

"ಹೊಟ್ಟಿಯೊಳಗ ಇಡವಾ," ಅಂದಳು ಗುರುಬಸವ್ವ. ಅವಳಿಗೆ ಇಂಗ್ಲಿಷ್ ಬಾರದಿದ್ದರೂ ಡಬ್ಬಿ ಕರಗುತ್ತಿದ್ದುದು ಕಾಣುತ್ತಿತ್ತಲ್ಲ.

ದಿನಕ್ಕೆ ಎರಡೇ ರೊಟ್ಟಿ. ಹಾಗೆ ಹಿಡಿತದಿಂದ ಬಡಿದರೆ, ಸಂಕ್ರಮಣ ಮುಗಿಸಿ ಊರಿಗೆ ಹೊರಡುವ ತನಕ ಹಿಟ್ಟು ಸಾಲುತ್ತದೆ ಎಂದು ಅವಳು ಲೆಕ್ಕ ಹಾಕಿದ್ದಳು. ಈ ಊರಿನ ಯಾವ ಗ್ರೋಸರಿಯಲ್ಲೂ ಜೋಳದ ಹಿಟ್ಟು ಸಿಗುತ್ತಿರಲಿಲ್ಲ; ಕುಬೇರಪ್ಪ ಮೂರು ಅಂಗಡಿ ತಿರುಗಿ ಬಂದಿದ್ದ. ಅನ್ನ ಉಂಡರೆ ಅವಳಿಗೆ ಉಂಡಂತೆಯೇ ಆಗುತ್ತಿರಲಿಲ್ಲ. ಬ್ರೆಡ್ಡಂತೂ ಒಂದೇ ಸಲ ಬಾಯಿಗಿಟ್ಟು, "ಹತ್ತಿ ತಿಂದಂಗ ಆಗತೈತೋ ಕುಬೇರಾ," ಅಂತ ತಟ್ಟೆಯ ಅಂಚಿಗೆ ಸರಿಸಿದ್ದಳು. ಆ ಎರಡು ರೊಟ್ಟಿಯಲ್ಲಿ ಯಾರಿಗೂ ಪಾಲಿರಲಿಲ್ಲ, ಮಗನಿಗೂ ಸಹ.

ಸೆಪ್ಟೆಂಬರಿನ ಒಂದು ಭಾನುವಾರ ಮಧ್ಯಾಹ್ನ ನೆಲದೊಳಗಿಂದ ಒಂದು ಸದ್ದು ಬಂತು. ಗುರುಬಸವ್ವ ಎರಡನೇ ರೊಟ್ಟಿಯ ಕೊನೆಯ ತುತ್ತು ಮುರಿಯುತ್ತಿದ್ದವಳು ಹಾಗೇ ಕೈ ತಡೆದಳು.

"ಏ ಶೈಲಾ, ಜಾಗಟಿ! ಇಲ್ಲೆ ಗುಡಿ ಎಲ್ಲೈತಿ?"

"ಗುಡಿ ಅಲ್ಲ ಅತ್ತೆ. ಕೆಳಗಡೆ ಮನೆ ಫ್ಲೋರಾ. ನನ್ನ ವಾರ್ಡಲ್ಲೇ ಕೆಲಸ ಮಾಡ್ತಾರೆ. ಫಿಲಿಪೀನ್ಸಿನ ಬೆಟ್ಟದ ಕಡೆಯ ಜನ, ಕಾಲಿಂಗ ಅಂತ. ಭಾನುವಾರ ಗ್ಯಾರೇಜಲ್ಲಿ ಪ್ರಾಕ್ಟೀಸು..."

ಶೈಲಜಾ ಮಾತು ಮುಗಿಸುವಷ್ಟರಲ್ಲಿ ಅತ್ತೆ ಚಪ್ಪಲಿ ಮೆಟ್ಟಿಯಾಗಿತ್ತು. ಕೈ ಕೂಡ ತೊಳೆದಿರಲಿಲ್ಲ.

ಗ್ಯಾರೇಜಿನಲ್ಲಿ ಆರು ಮಂದಿ ಮಂಡಿಯೂರಿ ಸಾಲಾಗಿ ಕುಳಿತಿದ್ದರು. ಒಬ್ಬೊಬ್ಬರ ತೊಡೆಯ ಮೇಲೂ ಒಂದೊಂದು ಜಾಗಟೆ, ದೊಡ್ಡದರಿಂದ ಸಣ್ಣದರವರೆಗೆ. ಗಾಂಸಾ ಅಂತ ಅದರ ಹೆಸರು. ಕೋಲಿಲ್ಲ, ಕೊಡತಿಯಿಲ್ಲ, ಬರೀ ಅಂಗೈಯಿಂದ ಬಾರಿಸುತ್ತಿದ್ದರು. ಒಂದು ಕೈ ಬಡಿಯಬೇಕು, ಇನ್ನೊಂದು ಕೈ ಆ ನಾದವನ್ನು ಒತ್ತಿ ಹಿಡಿಯಬೇಕು. ಮೊದಲನೆಯವರು ಶುರು ಮಾಡಿದರೆ ಎರಡನೆಯವರು ಒಂದು ಪೆಟ್ಟು ಕಾದು ಸೇರಬೇಕು, ಮೂರನೆಯವರು ಮತ್ತೊಂದು ಪೆಟ್ಟು ಕಾಯಬೇಕು. ಆರನೆಯ ಕೈ ಬಿದ್ದ ಮೇಲೆಯೇ ಆಟ ಪೂರ್ತಿ. ಒಂದು ಕೈ ತಪ್ಪಿದರೂ ಹಲ್ಲು ಬಿದ್ದ ಬಾಯಿಯಂತೆ ನಡುವೆ ಸಂದು ಕಾಣುತ್ತಿತ್ತು.

ಗುರುಬಸವ್ವ ನಲವತ್ತು ವರ್ಷ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯ್ದವಳು. ಓಣಿಯ ಹತ್ತು ಮನೆಯ ಮಗ್ಗ ಒಟ್ಟಿಗೆ ಆಡುವ ಸದ್ದು ಕೇಳಿ ಎಷ್ಟು ವರ್ಷವಾಗಿತ್ತು!

"ಯವ್ವಾ, ಯವ್ವಾ, ಏನ್ ಚಂದ ಬಡೀತಾರ!" ಅಂತ ಅವಳು ಬಾಗಿಲಲ್ಲೇ ಚಪ್ಪಾಳೆ ತಟ್ಟಿದಳು.

ಸಾಲಿನ ಮೊದಲಿಗೆ ಕುಳಿತಿದ್ದವಳೇ ಫ್ಲೋರಾ: ಅರವತ್ತರ ಆಸುಪಾಸಿನ ಗಟ್ಟಿಮುಟ್ಟಾದ ಹೆಂಗಸು, ಕೊರಳಲ್ಲಿ ಕೆಂಪು ಮಣಿಯ ಸರ, ಸೊಂಟಕ್ಕೆ ಕೆಂಪು ಪಟ್ಟೆಯ ಕೈನೇಯ್ಗೆ ಬಟ್ಟೆ. ಗುರುಬಸವ್ವ ಸೀದಾ ಹೋಗಿ ಆ ಬಟ್ಟೆಯ ಅಂಚು ಹಿಡಿದು ನೂಲು ಎಣಿಸತೊಡಗಿದಳು. ಫ್ಲೋರಾ ಅವಳ ಇಳಕಲ್ ಸೆರಗು ಹಿಡಿದಳು. ಮಾತೇನೂ ಬೇಕಾಗಲಿಲ್ಲ, ಇಬ್ಬರೂ ಒಬ್ಬರ ಬಟ್ಟೆ ಒಬ್ಬರು ತಿರುವಿ ನೋಡಿ ತಲೆದೂಗಿದರು.

ಮರುವಾರ ಆರನೇ ಜಾಗಟೆ ಬಾರಿಸುತ್ತಿದ್ದ ಹುಡುಗಿ ಗಂಡನ ಜೊತೆ ಹವಾಯಿಗೆ ಹೊರಟುಹೋದಳು. ಅಜ್ಜಿಯ ಜೊತೆ ಬಂದು ಮೂಲೆಯಲ್ಲಿ ಕುಳಿತು ತನ್ನ ಪಾಡಿಗೆ ತೊಡೆಯ ಮೇಲೆ ಕೈಯಾಡಿಸುತ್ತಿದ್ದ ಇಂದುವನ್ನು ಫ್ಲೋರಾ ಗಮನಿಸಿದಳು, ಕರೆದು ಕೂರಿಸಿ ಆ ಸಣ್ಣ ಜಾಗಟೆಯನ್ನು ಅವಳ ತೊಡೆಗಿಟ್ಟಳು. ನವೆಂಬರ್ ಮೊದಲ ಶನಿವಾರ ಊರಿನ ಲೈಬ್ರರಿ ಹಾಲಿನಲ್ಲಿ ಇವರ ಕಾರ್ಯಕ್ರಮವಿತ್ತು.

ಮನೆಯಲ್ಲಿ ರಾತ್ರಿಯೂಟದ ಹೊತ್ತಿಗೆ ರಂಪ ಶುರುವಾಯಿತು.

"ಭಾನುವಾರ ಸೇತುವಿ ಆಚಿ ನೆವಾರ್ಕಿನಾಗ ಕನ್ನಡ ಕೂಟದ ಹಾಡಿನ ಪ್ರಾಕ್ಟೀಸು ಇರತೈತಿ," ಅಂದ ಕುಬೇರಪ್ಪ. "ಕೂಟದ ದ್ವಾರಕಾನಾಥ್ ಅವರಿಗೆ ನಾ ಆಗಲೇ ಹೆಸರು ಕೊಟ್ಟೀನಿ. ಮಗಳು ನಮ್ಮದೊಂದು ಹಾಡು ಕಲೀಲಿ ಅಂತ ನಾ ಒದ್ದಾಡಾಕತ್ತೀನಿ."

"ಐ ಹೇಟ್ ದಟ್ ಕ್ಲಾಸ್, ಡ್ಯಾಡಿ."

"ನೋಡಿದ್ಯಾ ಅವ್ವಾ, ನೋಡಿದ್ಯಾ?"

"ನೋಡೀನಿ," ಅಂದಳು ಗುರುಬಸವ್ವ. "ಆ ನೆವಾರ್ಕಿನ ಹಾಡಿನ್ಯಾಗ ಆಕಿ ಬಾಯಿ ಅಷ್ಟ ಅಲಗ್ಯಾಡತೈತಿ. ಇಲ್ಲೆ ಕೆಳಗ ಬಂದ ನೋಡು, ಮೈಯೆಲ್ಲಾ ಅಲಗ್ಯಾಡತೈತಿ. ನೇಕಾರರ ಮನಿ ಹುಡುಗಿ, ಕೈಯಾಗ ತಾಳ ಐತಿ. ಬಾರಸಲಿ ಬಿಡು!"

"ಅವ್ವಾ, ನೀನೂ ಅವಳ ಕಡೀನ?"

"ನಾ ಯಾವಾಗ ನಿನ್ನ ಕಡಿ ಇದ್ದೆ?"

ಶೈಲಜಾ ನಗು ತಡೆದುಕೊಂಡು ಸಾರು ಬಡಿಸಿದಳು. "ಹೋಗ್ಲಿ ಬಿಡ್ರೀ, ನವೆಂಬರ್ ತನಕ ಅಲ್ವಾ? ಆಮೇಲೆ ನೆವಾರ್ಕು."

"ನವೆಂಬರ್ ತನಕ. ಅದರ ಮ್ಯಾಲ ಒಂದು ದಿನ ಇಲ್ಲ," ಅಂತ ಕುಬೇರಪ್ಪ ಸೋತವನ ದನಿಯಲ್ಲಿ ಗದರಿದ.

ಇಂದು ಟೇಬಲ್ಲಿನ ಕೆಳಗೆ ಅಜ್ಜಿಯ ಕೈ ಹಿಡಿದು ಹಿಚುಕಿದಳು. ಅಲ್ಲಿಂದ ಮೂರು ವಾರ ಆ ಮನೆಯಲ್ಲಿ ತಾಳವೋ ತಾಳ. ಇಂದು ಪುಸ್ತಕದ ಮೇಲೆ ಬಡಿದಳು, ದಿಂಬಿನ ಮೇಲೆ ಬಡಿದಳು, ಅಪ್ಪನ ಕಾರಿನ ಡ್ಯಾಶ್‌ಬೋರ್ಡಿನ ಮೇಲೂ ಬಡಿದಳು. ಅಜ್ಜಿ ರೊಟ್ಟಿ ಬಡಿಯುವಾಗ ಪಕ್ಕದಲ್ಲಿ ನಿಂತು ಕೌಂಟರಿನ ಮೇಲೆ ಜೊತೆಗೂಡಿದಳು. ಅಕ್ಟೋಬರ್ ಎರಡನೇ ವಾರ ಫ್ಲೋರಾ, ಮನೆಯಲ್ಲಿ ಅಭ್ಯಾಸ ಮಾಡು ಎಂದು ಹಳೇ ಕಂಬಳಿಯಲ್ಲಿ ಸುತ್ತಿ ಆ ಜಾಗಟೆಯನ್ನೇ ಇಂದುವಿನ ಕೈಗೆ ಕೊಟ್ಟಳು. ಹುಡುಗಿ ಅದನ್ನು ಕೂಸಿನ ಹಾಗೆ ಎದೆಗವಚಿಕೊಂಡು ಮೆಟ್ಟಿಲು ಹತ್ತಿ ಬಂದಳು.

ಆ ಶನಿವಾರ ಖಂಡೇನವಮಿ ಬಂತು ನೋಡಿ.

ಗುಳೇದಗುಡ್ಡದಲ್ಲಿ ಖಂಡೇನವಮಿ ಅಂದರೆ ಮಗ್ಗ ತೊಳೆದು, ಲಾಳಿ ಒರೆಸಿ, ಹಿತ್ತಾಳೆ ತಾಮ್ರ ಎಲ್ಲ ಮುಖ ಕಾಣುವಂತೆ ಬೆಳಗಿ ಪೂಜೆಗಿಡುವ ದಿನ. ಮನೆಯಲ್ಲಿ ಯಾರೂ ಇರಲಿಲ್ಲ. ಶನಿವಾರವೂ ಕೆಲಸವೆಂದು ಕುಬೇರಪ್ಪ ಆಫೀಸಿಗೆ, ಶೈಲಜಾ ಡ್ಯೂಟಿಗೆ, ಇಂದು ಗೆಳತಿಯ ಮನೆಗೆ. ಗುರುಬಸವ್ವ ಈ ಮನೆಯ ಆಯುಧಗಳನ್ನು ಹುಡುಕಿದಳು. ಮಗನ ಕ್ಯಾಲ್ಕ್ಯುಲೇಟರು, ಸೊಸೆಯ ಸ್ಟೆತಸ್ಕೋಪು, ವ್ಯಾಕ್ಯೂಮ್ ಕ್ಲೀನರು, ರೊಟ್ಟಿಯ ಹಂಚು. ಆಮೇಲೆ ಕಂಬಳಿ ಬಿಚ್ಚಿದಳು. ಒಳಗೆ ಹೊರಗೆ ಕರ್ರಗೆ, ಕಾಡಿಗೆ ಹಿಡಿದ ಜಾಗಟೆ.

"ಅಯ್ಯ ಶಿವನ! ನಾದ ಹೊಂಡಸೋ ವಸ್ತು, ಹಿಂಗ ಇಡತಾರೇನ?"

ಹುಣಸೆಹಣ್ಣು ನೆನೆಸಿದಳು, ಉಪ್ಪು ಸೇರಿಸಿದಳು. ಸಿಂಕಿನ ಮುಂದೆ ನಿಂತು ಎರಡು ತಾಸು ತಿಕ್ಕಿದಳು. ರಟ್ಟೆ ನೋಯಿತು, ನೋಯಲಿ. ಕಪ್ಪು ಹರಿದುಹೋಗಿ ಕೆಳಗಿನಿಂದ ಬಂಗಾರದ ಬಣ್ಣ ಎದ್ದಾಗ ಅವಳಿಗೆ ಹಿಗ್ಗೋ ಹಿಗ್ಗು. ಒಳಮೈಯನ್ನೂ ಬಿಡಲಿಲ್ಲ. ಮೂರು ಬೆರಳಿನ ವಿಭೂತಿ ಎಳೆದು, ಕುಂಕುಮವಿಟ್ಟು, ಮೇಲೊಂದು ಚೆಂಡುಹೂ ಏರಿಸಿದಳು. ಸಂಜೆ ಇಂದು ಬರುವುದನ್ನೇ ಕಾಯುತ್ತ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕುಳಿತಳು.

ಇಂದು ಬಂದಳು, ನೋಡಿದಳು. ಕೈಯಲ್ಲಿದ್ದ ಚೀಲ ಕೆಳಗೆ ಬಿತ್ತು.

"ಆಯಿ! ವಾಟ್ ಡಿಡ್ ಯು ಡೂ?"

"ಚಂದ ಆಗೈತಿಲ್ಲ?"

ಹುಡುಗಿ ಹೂವು ತೆಗೆದು ಪಕ್ಕಕ್ಕಿಟ್ಟು, ಜಾಗಟೆ ಎತ್ತಿಕೊಂಡು ಕೆಳಗೆ ಓಡಿದಳು. ಗುರುಬಸವ್ವನೂ ಹಿಂದೆಯೇ ಇಳಿದಳು, ಇನ್ನೂ ನಗುನಗುತ್ತ.

ಫ್ಲೋರಾ ಬಾಗಿಲು ತೆರೆದು ಜಾಗಟೆ ಕೈಗೆ ತೆಗೆದುಕೊಂಡಳು. ಒಂದು ಪೆಟ್ಟು ಬಾರಿಸಿ ಕಿವಿಗೊಟ್ಟಳು. ದನಿ ಅದೇ ಇತ್ತು. ಆಮೇಲೆ ಅದನ್ನು ಬೋರಲು ಮಾಡಿ, ಒಳಮೈಗೆ ಮೂಗು ಹಚ್ಚಿ ಉಸಿರೆಳೆದಳು. ಇನ್ನೊಂದು ಸಲ ಎಳೆದಳು. ಅವಳ ಕಣ್ಣು ತುಂಬಿತು. ಇಂದುವಿಗೆ ಮೆಲ್ಲಗೆ ನಾಲ್ಕು ಮಾತು ಹೇಳಿ ಬಾಗಿಲು ಹಾಕಿಕೊಂಡಳು.

ಇಂದು ಬಿಕ್ಕುತ್ತ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದ್ದನ್ನು, ಆಗಷ್ಟೇ ಡ್ಯೂಟಿ ಮುಗಿಸಿ ಬಂದ ಶೈಲಜಾ ಅತ್ತೆಗೆ ಬಿಡಿಸಿ ಹೇಳಿದಳು: ಆ ಕಪ್ಪು ಕೊಳೆಯಲ್ಲ. ಫ್ಲೋರಾಳ ಅಜ್ಜನ ಮನೆಯಲ್ಲಿ ಆ ಜಾಗಟೆಗಳು ಒಲೆಯ ಮೇಲುಗಡೆ ತೂಗುತ್ತಿದ್ದವು. ಐವತ್ತು ವರ್ಷದ ಒಲೆಯ ಹೊಗೆ ಅದು. ಆ ಮನೆ ಈಗಿಲ್ಲ. ಊರು ನೆನಪಾದಾಗ ಫ್ಲೋರಾ ಜಾಗಟೆಯ ಒಳಗೆ ಮೂಗಿಟ್ಟು ಹೊಗೆ ವಾಸನೆ ಹಿಡಿಯುತ್ತಿದ್ದಳು. ಈಗ ಅದರಲ್ಲಿ ಹುಣಸೆಹಣ್ಣಿನ ವಾಸನೆ. ಹುಡುಗಿ ಇನ್ನು ಮುಂದೆ ಪ್ರಾಕ್ಟೀಸಿಗೆ ಬರುವುದು ಬೇಡ.

ಗುರುಬಸವ್ವ ಮೆಟ್ಟಿಲ ಮೇಲೆ ಕುಳಿತು ಹುಣಸೆಹುಳಿ ಹತ್ತಿದ ತನ್ನ ಅಂಗೈ ಮೂಸಿದಳು. "ಸತ್ತೆ ನಾ! ಮಗನ ಕೂಡ ಬಡದಾಡಿ ಹುಡುಗಿಗೆ ಕೊಡಸಿದ್ದನ್ನ ನನ್ನ ಕೈಯಾರ ಕಳದೆ."

ಆ ವಾರ ಮನೆಯಲ್ಲಿ ತಾಳ ನಿಂತುಹೋಯಿತು. ಇಂದು ಅಜ್ಜಿಯ ಜೊತೆ ಮಾತಾಡಲಿಲ್ಲ, ಅಪ್ಪನ ಜೊತೆಯೂ ಇಲ್ಲ. ಭಾನುವಾರ ನೆವಾರ್ಕಿಗೆ ಹೋಗಿ ಬಾಯಿ ಅಲುಗಾಡಿಸಿ ಬಂದಳು. ಕುಬೇರಪ್ಪನಿಗೆ ಗೆದ್ದ ಖುಷಿಯೇನೂ ಕಾಣಲಿಲ್ಲ. ಕಾರಿನಲ್ಲಿ ಮಗಳ ಮುಖ ನೋಡಿ ತಾನೇ ಡ್ಯಾಶ್‌ಬೋರ್ಡಿನ ಮೇಲೆ ಎರಡು ಪೆಟ್ಟು ತಟ್ಟಿದ್ದ; ಅವಳು ಕಿಟಕಿಯ ಕಡೆ ತಿರುಗಿದ್ದಳು.

ಗುರುವಾರ ಶೈಲಜಾ ಆಸ್ಪತ್ರೆಯಿಂದ ಸುದ್ದಿ ತಂದಳು. ಕ್ಯಾಂಟೀನಿನಲ್ಲಿ ಫ್ಲೋರಾಳನ್ನು ಹಿಡಿದು ನಿಲ್ಲಿಸಿ ಕೇಳಿದ್ದಳು.

"ಸಾರಿ ಅಂದ್ರೆ ಅವರಿಗೆ ಅದು ಬರೀ ಬಾಯಿಮಾತಂತೆ ಅತ್ತೆ. ಅವರೂರಲ್ಲಿ ತಪ್ಪು ಮಾಡಿದ ಮನೆಯವರು ಎಲ್ಲರಿಗೂ ಊಟ ಹಾಕ್ಬೇಕಂತೆ. ಅಷ್ಟಾದ್ರೆ ಮುಗೀತು, ಮತ್ತೆ ಯಾರೂ ಆ ಜಗಳ ಎತ್ತೋ ಹಾಗಿಲ್ಲ."

"ಊಟ ಏನ್ ದೊಡ್ಡದು, ಹಾಕೂಣು!" ಗುರುಬಸವ್ವ ಎದ್ದೇ ನಿಂತಳು.

"ಪೂರ್ತಿ ಕೇಳಿ. ಹಂದಿ ಕಡೀಬೇಕಂತೆ."

ಕುಬೇರಪ್ಪನ ಕೈಯಲ್ಲಿದ್ದ ತುತ್ತು ತಟ್ಟೆಗೆ ಬಿತ್ತು. "ಹಂದಿ? ಲಿಂಗಾಯತರ ಮನ್ಯಾಗ?"

"ಶಿವ ಶಿವ ಶಿವ!" ಗುರುಬಸವ್ವ ಕೊರಳಿನ ಲಿಂಗ ಹಿಡಿದುಕೊಂಡಳು.

"ಹೊಸಾ ಜಾಗಟಿ ತರಿಸಿ ಕೊಟ್ಟಬಿಡೂಣು," ಅಂದ ಕುಬೇರಪ್ಪ.

"ಯು ಕಾಂಟ್ ಬೈ ಇಟ್, ಡ್ಯಾಡಿ!" ಐದು ದಿನದಲ್ಲಿ ಇಂದು ಆಡಿದ ಮೊದಲ ಮಾತು ಅದು.

"ಪೀಟ್ಸಾ ತರಿಸೋಣ್ವಾ? ತರಕಾರಿದು?" ಶೈಲಜಾ ಕೇಳಿದಳು.

ಗುರುಬಸವ್ವ ಲಿಂಗ ಹಿಡಿದ ಕೈ ಬಿಟ್ಟು ಸೊಸೆಯ ಕಡೆ ತಿರುಗಿದಳು. "ಶೈಲಾ, ಹಂದೀನ ಯಾಕಂತ ಕೇಳಿದ್ಯಾ?"

"ಕೇಳ್ದೆ. ವರ್ಷವೆಲ್ಲ ಸಾಕಿರ್ತಾರಲ್ಲ, ಅದು ಹೋದ್ರೆ ಮನೇಲಿ ಕಾಣತ್ತಂತೆ. ಕೊಟ್ಟೋರಿಗೆ ನೋಯ್ಬೇಕು, ಇಲ್ದಿದ್ರೆ ಅದು ಕೊಟ್ಟ ಹಾಗಲ್ಲ ಅಂದ್ರು."

ಮುದುಕಿ ಎದ್ದಳು. ಫ್ರೀಜರಿನ ಬಾಗಿಲು ತೆಗೆದು, ಉಳಿದಿದ್ದ ಹಿಟ್ಟಿನ ಚೀಲಗಳನ್ನು ಒಂದೊಂದಾಗಿ ಟೇಬಲ್ಲಿನ ಮೇಲೆ ತಂದಿಟ್ಟಳು. ಮನೆಯವರೆಲ್ಲ ಅವಳನ್ನೇ ನೋಡುತ್ತಿದ್ದರು.

"ಅವರು ಎಷ್ಟ ಮಂದಿ ಅದಾರ?"

"ಇಪ್ಪತ್ತೈದು ಆಗಬಹುದು. ಅತ್ತೆ, ಬೇಡ..."

"ಅವ್ವಾ, ಸಂಕ್ರಮಣದ ತನಕ ನೀ ಏನ ತಿಂತಿ?" ಕುಬೇರಪ್ಪ ಗಾಬರಿಯಾಗಿ ಕೇಳಿದ.

"ಹತ್ತಿ ತಿಂತೀನಿ," ಅಂದಳು ಗುರುಬಸವ್ವ. "ಊಟದ ಹಿಂದಿನ ದಿನ ಬದನಿಕಾಯಿ ತಗೊಂಡ ಬಾ. ಸಣ್ಣವ. ಮುಳ್ಳ ಇದ್ದದ್ದು ಸಿಕ್ಕರ ಚಲೋ."

ಮುಂದಿನ ವಾರದ ಶನಿವಾರ ಬೆಳಗಿನ ಆರಕ್ಕೇ ಆ ಅಡುಗೆಮನೆ ಎದ್ದು ಕುಣಿಯತೊಡಗಿತು. ಶೈಲಜಾ ಎಣ್ಣೆಗಾಯಿಗೆ ಮಸಾಲೆ ತುಂಬಿದಳು, ಇಂದು ಶೇಂಗಾ ಕುಟ್ಟಿದಳು. ಗುರುಬಸವ್ವ ನೆಲದ ಮೇಲೆ ಮಣೆ ಹಾಕಿಕೊಂಡು, ಕುದಿಯುವ ನೀರಿನಲ್ಲಿ ಹಿಟ್ಟು ನಾದಿ, ಬಡಿಯಲು ಕುಳಿತಳು. ಒಂದು, ಹತ್ತು, ಇಪ್ಪತ್ತು. ಹಂಚಿನ ಮುಂದೆ ನಿಂತ ಶೈಲಜಾಳಿಗೆ ರೊಟ್ಟಿ ತಿರುವಲು ಬಾರದೆ ಮೂರು ಹರಿದವು. ಕುಬೇರಪ್ಪ ಬಾಗಿಲಲ್ಲಿ ನಿಂತು ಸಹಿಸುವಷ್ಟು ಸಹಿಸಿದ. ಆಮೇಲೆ ಅಂಗಿಯ ತೋಳು ಮಡಚಿ ಮುಂದೆ ಬಂದ.

"ಸರೀ ಸ್ವಲ್ಪ. ನಾನು ಎಂಟು ವರ್ಷದವ ಇದ್ದಾಗ ಬೇಯಿಸಿದಾಂವ."

ಒದ್ದೆ ಬಟ್ಟೆಯಲ್ಲಿ ನೀರು ಸವರಿ, ಬರಿಗೈಯಲ್ಲೇ ಪಟ್ಟಂತ ತಿರುವಿದ. ರೊಟ್ಟಿ ಉಬ್ಬಿ ನಿಂತಿತು. ಇಂದು ಬಾಯಿ ಬಿಟ್ಟು ನೋಡಿದಳು. ಹೊಗೆಗೆ ಸೂರಿನ ಅಲಾರಂ ಕಿರುಚಿದಾಗ ಕುಬೇರಪ್ಪ ಕುರ್ಚಿ ಹತ್ತಿ ಅದರ ಬ್ಯಾಟರಿಯನ್ನೇ ಕಿತ್ತು ಜೇಬಿಗೆ ಹಾಕಿಕೊಂಡ.

ಮಧ್ಯಾಹ್ನ ಫ್ಲೋರಾಳ ಕಡೆಯವರು ಬಂದರು. ಡೇಲಿ ಸಿಟಿಯಿಂದ, ವಲ್ಲೇಹೋದಿಂದ, ಮುದುಕರು ಹೆಂಗಸರು ಎಲ್ಲ. ಸೋಫಾ ಸಾಲದೆ ಮೆಟ್ಟಿಲ ಮೇಲೆ, ಕೆಳಗೆ ಗ್ಯಾರೇಜಿನಲ್ಲಿ ಕುಳಿತರು. ಫ್ಲೋರಾ ಅಡುಗೆಮನೆಯ ಬಾಗಿಲಲ್ಲೇ ಕುಳಿತಳು, ಮುಖ ಬಿಗಿದುಕೊಂಡು. ಗುರುಬಸವ್ವ ತಾನೇ ಎದ್ದು ಮೊದಲ ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಬೆಣ್ಣೆ ಹಾಕಿದ ತಟ್ಟೆಯನ್ನು ಅವಳ ಮುಂದಿಟ್ಟು ಕೈಮುಗಿದಳು. ಮತ್ತೆ ಹೋಗಿ ಬಡಿಯಲು ಕುಳಿತಳು.

ಫ್ಲೋರಾ ಒಂದು ತುತ್ತು ತಿಂದಳು. ಎರಡನೆಯದು ತಿಂದಳು. ಇಂದು ಅವಳ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಿವಿಯಲ್ಲಿ ಏನೋ ಹೇಳತೊಡಗಿದಳು: ಸೂಟ್‌ಕೇಸಿನ ಹಿಟ್ಟು, ದಿನಕ್ಕೆ ಎರಡೇ ರೊಟ್ಟಿ, ಸಂಕ್ರಮಣದ ಲೆಕ್ಕ, ಇವತ್ತಿಗೆ ಎಲ್ಲ ಖಾಲಿ. ಫ್ಲೋರಾ ತಿನ್ನುವುದನ್ನು ನಿಲ್ಲಿಸಿದಳು. ಎದ್ದು ಹೋಗಿ ಫ್ರೀಜರಿನ ಬಾಗಿಲು ತೆಗೆದಳು. ಒಳಗೆ ಒಂದು ಐಸ್‌ಕ್ರೀಮ್ ಡಬ್ಬಿ ಬಿಟ್ಟರೆ ಏನೂ ಇರಲಿಲ್ಲ. ಅವಳು ಬಾಗಿಲು ಮುಚ್ಚದೆ ಬಹಳ ಹೊತ್ತು ನೋಡಿದಳು. ಗುರುಬಸವ್ವನ ಕೈ ಹಿಟ್ಟಿನ ಮೇಲೆ ತಡೆಯಿತು.

"ಬಡಿ, ಬಡಿ," ಅನ್ನುವಂತೆ ಫ್ಲೋರಾ ಕೈಸನ್ನೆ ಮಾಡಿದಳು. ತನ್ನವರ ಕಡೆ ತಿರುಗಿ ಅವರ ಭಾಷೆಯಲ್ಲಿ ಏನೋ ಹೇಳಿದಳು. ಎಲ್ಲರೂ ಸುಮ್ಮನಾದರು. ಒಂದು ಅಂಗೈ ಬೀಳುತ್ತಿತ್ತು, ಇನ್ನೊಂದು ಅಂಚು ತಿರುಗಿಸಿ ತಡೆಯುತ್ತಿತ್ತು; ರೊಟ್ಟಿಯ ಸದ್ದು ಒಂದೇ ಸಮ ಸಾಗಿತು. ಫ್ಲೋರಾ ಒಂದು ಪೆಟ್ಟು ಕಾದು ತೊಡೆ ತಟ್ಟುತ್ತ ಸೇರಿಕೊಂಡಳು. ಮೆಟ್ಟಿಲ ಮೇಲಿದ್ದವನೊಬ್ಬ ಇನ್ನೊಂದು ಪೆಟ್ಟು ಕಾದು ಸೇರಿದ. ನೋಡನೋಡುತ್ತಿದ್ದಂತೆ ಮನೆ ತುಂಬ ಅಂಗೈಗಳೇ. ತಟ್ಟೆ, ಗೋಡೆ, ಕುರ್ಚಿಯ ಬೆನ್ನು, ಸಿಕ್ಕಿದ್ದೆಲ್ಲ ಬಡಿದರು. ಗುರುಬಸವ್ವ ನಗುತ್ತಿದ್ದಳು, ಕಣ್ಣೀರು ಹಿಟ್ಟಿಗೇ ಬೀಳುತ್ತಿತ್ತು, ಕೈ ಮಾತ್ರ ತಾಳ ಬಿಡಲಿಲ್ಲ.

ಕೊನೆಯ ರೊಟ್ಟಿ ಹಂಚಿಗೆ ಬಿದ್ದ ಮೇಲೆ ಫ್ಲೋರಾ ಎದ್ದು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು. ಶೈಲಜಾ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು:

"ಮುಗೀತಂತೆ ಅತ್ತೆ. ಇನ್ಮೇಲೆ ಇದನ್ನ ಯಾರೂ ಜಗಳ ಅಂತ ಎತ್ತೋ ಹಾಗಿಲ್ಲ. ಕಥೆ ಅಂತ ಮಾತ್ರ ಹೇಳ್ಬಹುದಂತೆ."

ನವೆಂಬರ್ ಮೊದಲ ಶನಿವಾರ ಲೈಬ್ರರಿಯ ಹಾಲು ತುಂಬಿತ್ತು. ಕುಬೇರಪ್ಪ ನೆವಾರ್ಕಿಗೆ ಫೋನು ಮಾಡಿ, ಕನ್ನಡ ಕೂಟದ ದ್ವಾರಕಾನಾಥರನ್ನೂ ಎರಡು ಕಾರಿನ ತುಂಬ ಜನರನ್ನೂ ಕರೆಸಿದ್ದ. ಗುರುಬಸವ್ವ ಮುಂದಿನ ಸಾಲಿನಲ್ಲಿ ಮಗ ಸೊಸೆಯ ನಡುವೆ ಕುಳಿತಿದ್ದಳು.

ವೇದಿಕೆಯ ಮೇಲೆ ಆರು ಮಂದಿ ಮಂಡಿಯೂರಿದರು. ಐದು ಕಪ್ಪು ಜಾಗಟೆ. ಸಾಲಿನ ತುದಿಯಲ್ಲಿ, ಗುಳೇದಗುಡ್ಡದ ಖಣದ ಲಂಗ ಉಟ್ಟು ಕೊರಳಿಗೆ ಫ್ಲೋರಾಳ ಮಣಿಸರ ಹಾಕಿದ ಇಂದುವಿನ ತೊಡೆಯ ಮೇಲೆ ಥಳಥಳ ಹೊಳೆಯುವ ಒಂದು.

"ಅದೊಂದು ಯಾಕ್ರೀ ಹಾಗೆ ಹೊಳೀತಿದೆ?" ಹಿಂದಿನಿಂದ ದ್ವಾರಕಾನಾಥರು ಪಿಸುಗುಟ್ಟಿದರು.

ಕುಬೇರಪ್ಪ ಬಾಯಿ ತೆರೆಯುವಷ್ಟರಲ್ಲಿ ಫ್ಲೋರಾ ಮೈಕಿನ ಮುಂದೆ ಬಂದಳು. ಬಾರಿಸುವ ಮೊದಲು ಒಂದೊಂದು ಜಾಗಟೆಯ ಸಂಗತಿ ಹೇಳುವುದು ಅವಳ ರೂಢಿ. ಒಂದು ಅಜ್ಜಿಯ ಮದುವೆಗೆ ಬಂದದ್ದು. ಒಂದಕ್ಕೆ ಎಮ್ಮೆ ಕೊಟ್ಟದ್ದು. ಒಂದನ್ನು ಯುದ್ಧದಲ್ಲಿ ಹೊಳೆಯ ತಳದಲ್ಲಿ ಮುಚ್ಚಿಟ್ಟದ್ದು. ಐದೂ ಹೇಳಿದ ಮೇಲೆ ಅವಳು ಮೈಕನ್ನು ಇಂದುವಿನ ಬಾಯಿಯ ಹತ್ತಿರ ಹಿಡಿದಳು.

ಇಂದು ಇಂಗ್ಲಿಷಿನಲ್ಲಿ ಏನೋ ಶುರು ಮಾಡಿ ತಡವರಿಸಿದಳು. ಕಣ್ಣು ಮುಂದಿನ ಸಾಲಿನಲ್ಲಿ ಹುಡುಕಿತು. ಆಮೇಲೆ ಗಟ್ಟಿಯಾಗಿ, ಥೇಟ್ ಗುಳೇದಗುಡ್ಡದ ಓಣಿಯ ದನಿಯಲ್ಲಿ ಹೇಳಿದಳು:

"ಇದನ್ನ ನಮ್ಮ ಆಯಿ ತಿಕ್ಯಾಳ. ತಪ್ಪಾತು. ಅದಕ್ಕ ತನ್ನ ಹಿಟ್ಟೆಲ್ಲಾ ರೊಟ್ಟಿ ಬಡದು ಕೊಟ್ಟಾಳ."

ಹಾಲಿನ ಮುಕ್ಕಾಲು ಪಾಲು ಜನಕ್ಕೆ ಏನೂ ತಿಳಿಯಲಿಲ್ಲ. ನೆವಾರ್ಕಿನ ಎರಡು ಕಾರಿನವರು ಬಿದ್ದು ಬಿದ್ದು ನಕ್ಕು ಚಪ್ಪಾಳೆ ಹೊಡೆದರು. ಕುಬೇರಪ್ಪ ತಾಯಿಯ ಕಡೆ ಬಗ್ಗಿದ.

"ಅವ್ವಾ, ಅಳಾಕತ್ತಿಯೇನ?"

"ವಾರದಿಂದ ಹತ್ತಿ ತಿನ್ನಾಕತ್ತೀನಿ, ಹಸಿವಿ ಆಗೈತೋ," ಅಂದಳು ಗುರುಬಸವ್ವ, ಸೆರಗಿನಿಂದ ಮೂಗೊರೆಸಿಕೊಳ್ಳುತ್ತ. "ಸುಮ್ಮನ ಕುಂದರು. ಶುರು ಆತು."

ಫ್ಲೋರಾಳ ಅಂಗೈ ಬಿತ್ತು. ಎರಡನೆಯದು ಸೇರಿತು, ಮೂರನೆಯದು ಸೇರಿತು. ಗುರುಬಸವ್ವ ತೊಡೆಯ ಮೇಲೆ ಕೈಯೆತ್ತಿ ಹಿಡಿದಳು. ನಾಲ್ಕು. ಐದು. ಒಂದು ಪೆಟ್ಟು ಕಾದು, ಹೊಳೆಯುವ ಜಾಗಟೆಯ ಮೇಲೆ ಇಂದುವಿನ ಕೈ ಬಿತ್ತು.